ಒಂದೇ ಕಡತ, ನೂರು ಪುಟ

ವಿದ್ಯಾರ್ಥಿಗಳೇ, ಕನ್ನಡ ವಿಕಿಪೀಡಿಯವನ್ನು ಕಂಪ್ಯೂಟರಿನಲ್ಲಿ ನೋಡಿದ್ದೀರಾ? ಮೈಸೂರಿನ ಬಗ್ಗೆ ಓದಿ, ಮಿಂಚುಹುಳುವಿನ ಬಗ್ಗೆ ಓದಿ, ಪುಟದ ಮೇಲ್ಭಾಗದಲ್ಲಿ ಅದೇ ಲಾಂಛನ, ಹುಡುಕಲು ಅದೇ ಪೆಟ್ಟಿಗೆ. ಸಾವಿರಾರು ಪುಟಗಳಿಗೆ ಇವನ್ನು ಒಂದೊಂದಾಗಿ ಬರೆಯುತ್ತ ಕುಳಿತರೆ ಎಷ್ಟು ಕಾಲ ಬೇಕು? ನಾಳೆ ಲಾಂಛನ ಬದಲಾದರೆ ಗತಿಯೇನು?

ಇದಕ್ಕೊಂದು ಸುಲಭ ಉಪಾಯವಿದೆ. ಎಲ್ಲ ಪುಟಗಳಿಗೂ ಬೇಕಾದದ್ದನ್ನು ಒಂದೇ ಕಡತದಲ್ಲಿ, ಅಂದರೆ ಫೈಲಿನಲ್ಲಿ, ಬರೆದಿಡುವುದು. ಉಳಿದ ಕಡೆ ‘ಆ ಕಡತವನ್ನು ಇಲ್ಲಿ ಸೇರಿಸು’ ಎಂದು ಒಂದೇ ಸಾಲು ಬರೆಯುವುದು. ಆಗ ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ. ಆದರೆ ಎಚ್ಚರ ತಪ್ಪಿದರೆ ಇದೇ ಒಂದು ಸಾಲು ಕಳ್ಳನಿಗೆ ಬಾಗಿಲು ತೆರೆಯುತ್ತದೆ. ಹೇಗೆ? ನೋಡೋಣ ಬನ್ನಿ.

ಪಿಎಚ್‌ಪಿ ಎಂಬ ಭಾಷೆ

ನಾವು ಒಬ್ಬರೊಡನೊಬ್ಬರು ಮಾತಾಡಲು ಭಾಷೆ ಬೇಕು. ಕಂಪ್ಯೂಟರಿಗೆ ಕೆಲಸ ಹೇಳಲೂ ಭಾಷೆ ಬೇಕು. ಅಂತಹ ಭಾಷೆಗಳಲ್ಲಿ ಪಿಎಚ್‌ಪಿ ಒಂದು. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ಇದನ್ನು ಮೊದಲು ತಮ್ಮ ಸ್ವಂತ ಜಾಲಪುಟಕ್ಕಾಗಿ ಮಾಡಿಕೊಂಡರು. 1995ರಲ್ಲಿ ಎಲ್ಲರೂ ಬಳಸಲೆಂದು ಬಿಡುಗಡೆ ಮಾಡಿದರು. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ಎಂಬ ತಂತ್ರಾಂಶವನ್ನು ಇದೇ ಭಾಷೆಯಲ್ಲಿ ಬರೆದಿದ್ದಾರೆ.

ಪಿಎಚ್‌ಪಿ ಆದೇಶಗಳು ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ದೂರದಲ್ಲಿರುವ ಇನ್ನೊಂದು ಕಂಪ್ಯೂಟರಿನಲ್ಲಿ ನಡೆಯುತ್ತವೆ. ಅದನ್ನು ಸರ್ವರ್ ಎನ್ನುತ್ತಾರೆ. ಅದು ಆದೇಶಗಳನ್ನು ಓದಿ, ಪುಟವನ್ನು ಸಿದ್ಧಪಡಿಸಿ, ಸಿದ್ಧವಾದ ಪುಟವನ್ನು ಮಾತ್ರ ನಿಮಗೆ ಕಳಿಸುತ್ತದೆ. ಊಟ ಬಡಿಸುವಾಗ ಅಡುಗೆಮನೆ ಕಾಣದಿರುವ ಹಾಗೆ!

ಸೇರಿಸುವ ಎರಡು ಬಗೆ

ಪಿಎಚ್‌ಪಿಯಲ್ಲಿ ಇನ್ನೊಂದು ಕಡತವನ್ನು ಸೇರಿಸಲು ಮುಖ್ಯವಾಗಿ ಎರಡು ಆದೇಶಗಳಿವೆ. ಮೊದಲನೆಯದು ‘ಇನ್‌ಕ್ಲೂಡ್’, ಅಂದರೆ ‘ಸೇರಿಸು’. ಎರಡನೆಯದು ‘ರಿಕ್ವೈರ್’, ಅಂದರೆ ‘ಇದು ಬೇಕೇ ಬೇಕು’.

ಕಡತ ಸಿಕ್ಕರೆ ಎರಡರ ಕೆಲಸವೂ ಒಂದೇ. ಸಿಗದಿದ್ದರೆ? ‘ಇನ್‌ಕ್ಲೂಡ್’ ಒಂದು ಎಚ್ಚರಿಕೆ ಕೊಟ್ಟು ಮುಂದಿನ ಸಾಲಿಗೆ ಹೋಗುತ್ತದೆ. ‘ರಿಕ್ವೈರ್’ ಅಲ್ಲಿಗೇ ನಿಂತುಬಿಡುತ್ತದೆ.

ಇದೇನು ದೊಡ್ಡ ವ್ಯತ್ಯಾಸ ಎನ್ನಬೇಡಿ. ಒಂದು ಶಾಲೆಯ ಅಂಕಪಟ್ಟಿಗಳು ಜಾಲತಾಣದಲ್ಲಿವೆ ಎಂದುಕೊಳ್ಳಿ. ಒಳಗೆ ಬರುವವರ ಗುಪ್ತಪದ ಸರಿಯೇ ಎಂದು ನೋಡುವ ಕೆಲಸ ಒಂದು ಕಡತದ್ದು. ಅದು ಕಾವಲುಗಾರನಿದ್ದಂತೆ. ಆ ಕಡತ ಅಳಿಸಿಹೋದಾಗ ‘ಇನ್‌ಕ್ಲೂಡ್’ ಇದ್ದರೆ, ಕಾವಲುಗಾರ ಇಲ್ಲದೆಯೂ ಬಾಗಿಲು ತೆರೆದುಕೊಳ್ಳಬಹುದು. ‘ರಿಕ್ವೈರ್’ ಇದ್ದರೆ ಬಾಗಿಲು ಮುಚ್ಚಿಯೇ ಇರುತ್ತದೆ. ಆದ್ದರಿಂದ ಮುಖ್ಯವಾದ ಕಡತಗಳಿಗೆ ‘ರಿಕ್ವೈರ್’ ಬಳಸುತ್ತಾರೆ.

ಒಬ್ಬರು ಹಾಕಿದ ಸಾರಿಗೆ ಇನ್ನೊಬ್ಬರೂ ಉಪ್ಪು ಹಾಕಿದರೆ ಊಟ ಕೆಡುತ್ತದೆ. ಹಾಗೆಯೇ ಕೆಲವು ಕಡತಗಳನ್ನು ಎರಡು ಸಲ ಸೇರಿಸಿದರೆ ಕೆಲಸ ನಿಂತುಹೋಗುತ್ತದೆ. ಇದನ್ನು ತಪ್ಪಿಸಲು ‘ರಿಕ್ವೈರ್ ಒನ್ಸ್’ ಎಂಬ ಆದೇಶವಿದೆ. ಈಗಾಗಲೇ ಸೇರಿಸಿದ ಕಡತವನ್ನು ಅದು ಮತ್ತೆ ಸೇರಿಸುವುದಿಲ್ಲ.

ಯಂತ್ರಕ್ಕೆ ವಿವೇಚನೆ ಇಲ್ಲ

ಈಗ ಅಪಾಯದ ವಿಷಯಕ್ಕೆ ಬರೋಣ. ಒಬ್ಬರು ಜಾಲತಾಣ ಮಾಡುತ್ತಾರೆ. ‘ನೋಡುವವರು ಯಾವ ಹೆಸರು ಹೇಳುತ್ತಾರೋ ಆ ಕಡತವನ್ನು ಸೇರಿಸು’ ಎಂದು ಬರೆಯುತ್ತಾರೆ. ನೀವು ‘ಫಲಿತಾಂಶ’ ಎಂದರೆ ಫಲಿತಾಂಶದ ಕಡತ, ‘ರಜೆ’ ಎಂದರೆ ರಜೆಪಟ್ಟಿಯ ಕಡತ. ಎಷ್ಟು ಅನುಕೂಲ ಅಲ್ಲವೇ?

ಆದರೆ ಹೆಸರು ಹೇಳುವವರೆಲ್ಲ ನಿಮ್ಮಂತೆ ಒಳ್ಳೆಯವರಿರುವುದಿಲ್ಲ. ಎರಡು ಚುಕ್ಕೆ, ಒಂದು ಓರೆಗೆರೆ ಹಾಕಿದರೆ ಕಂಪ್ಯೂಟರಿಗೆ ‘ಈ ಕೋಣೆಯಿಂದ ಹೊರಗಿನ ಕೋಣೆಗೆ ಹೋಗು’ ಎಂದು ಹೇಳಿದಂತೆ. ಇದನ್ನೇ ಮತ್ತೆ ಮತ್ತೆ ಬರೆದು ಕಳ್ಳನು ಗುಟ್ಟಿನ ಕಡತಗಳ ತನಕ ಹೋಗಬಹುದು. ಸರ್ವರ್ ಅದನ್ನೂ ಓದಿ ತೋರಿಸಿಬಿಡುತ್ತದೆ.

ಇನ್ನೂ ದೊಡ್ಡ ಅಪಾಯವೊಂದಿದೆ. ‘ಇನ್‌ಕ್ಲೂಡ್’ ಮತ್ತು ‘ರಿಕ್ವೈರ್’ ಕಡತವನ್ನು ಓದಿ ಸುಮ್ಮನಾಗುವುದಿಲ್ಲ, ಅದರಲ್ಲಿರುವ ಪಿಎಚ್‌ಪಿ ಆದೇಶಗಳನ್ನು ನಡೆಸುತ್ತವೆ. ಮೊದಲ ವರ್ಷಗಳಲ್ಲಿ ಅಂತರಜಾಲದ ಬೇರೆ ತಾಣದ ಕಡತವನ್ನೂ ಹೀಗೆ ತಂದು ಸೇರಿಸಬಹುದಿತ್ತು. ಕಳ್ಳನು ತನ್ನ ತಾಣದಲ್ಲಿ ‘ಎಲ್ಲವನ್ನೂ ಅಳಿಸು’ ಎಂದು ಬರೆದಿಟ್ಟು ಆ ವಿಳಾಸ ಕೊಟ್ಟರೆ ಸರ್ವರ್ ಅದನ್ನೂ ಪಾಲಿಸುತ್ತಿತ್ತು! ಹೀಗೆ ಅನೇಕ ಜಾಲತಾಣಗಳು ಹಾಳಾದವು. ಆದ್ದರಿಂದ 2006ರಲ್ಲಿ ಬಂದ ಪಿಎಚ್‌ಪಿ 5.2ರಲ್ಲಿ ಇದಕ್ಕೊಂದು ಬೇರೆ ಸ್ವಿಚ್ ಇಟ್ಟು, ಅದನ್ನು ಆರಿಸಿಯೇ ಕೊಟ್ಟರು. 2019ರ 7.4ರಲ್ಲಿ ಆ ಸ್ವಿಚ್ಚನ್ನು ಬಳಸಲೇಬೇಡಿ ಎಂದು ಸೂಚಿಸಿದರು.

ಭದ್ರತೆಗೆ ನಾಲ್ಕು ನಿಯಮಗಳು

1. ಯಾವ ಹೆಸರಿಗೆ ಯಾವ ಕಡತ ಎಂಬ ಪಟ್ಟಿಯನ್ನು ಮೊದಲೇ ಬರೆದಿಡಬೇಕು. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ‘ಸಿಗಲಿಲ್ಲ’ ಎಂದು ಹೇಳಿ ಮುಗಿಸಬೇಕು. ಇದು ಎಲ್ಲಕ್ಕಿಂತ ಮುಖ್ಯ.

2. ಹಂಚಿಕೊಂಡು ಬಳಸುವ ಕಡತಗಳನ್ನು ಹೊರಗಿನವರು ನೇರವಾಗಿ ತೆರೆಯಲಾಗದ ಜಾಗದಲ್ಲಿಡಬೇಕು. ಉಗ್ರಾಣವನ್ನು ಅಂಗಳದಲ್ಲಿ ಯಾರೂ ಕಟ್ಟುವುದಿಲ್ಲ.

3. ಕಡತ ಎಲ್ಲಿದೆ ಎಂಬುದನ್ನು ಪೂರ್ತಿ ವಿಳಾಸದೊಂದಿಗೆ ಹೇಳಬೇಕು. ಅರ್ಧ ವಿಳಾಸ ಬರೆದರೆ ಅದೇ ಹೆಸರಿನ ಬೇರೆ ಕಡತ ಸೇರಿಕೊಳ್ಳಬಹುದು.

4. ಹೊರಗಿನವರು ಕಳಿಸಿದ ಕಡತವನ್ನು ಎಂದೂ ಹೀಗೆ ಸೇರಿಸಬಾರದು. ಚಿತ್ರವೆಂದು ಕಳಿಸಿದ ಕಡತದೊಳಗೂ ಆದೇಶ ಅಡಗಿರಬಹುದು.

ಮಾಡಿ ನೋಡಿ

ಈ ಆಟಕ್ಕೆ ಕಂಪ್ಯೂಟರ್ ಬೇಡ. ನಾಲ್ಕು ಚೀಟಿಗಳಲ್ಲಿ ‘ಚಪ್ಪಾಳೆ ತಟ್ಟು’, ‘ಏಳರ ಮಗ್ಗಿ ಹೇಳು’ ಮುಂತಾದ ಆದೇಶಗಳನ್ನು ಬರೆಯಿರಿ. ಅವುಗಳಿಗೆ 1ರಿಂದ 4ರವರೆಗೆ ಸಂಖ್ಯೆ ಕೊಟ್ಟು ಡಬ್ಬಿಯಲ್ಲಿಡಿ. ಒಬ್ಬರು ‘ಸರ್ವರ್’ ಆಗಲಿ. ಉಳಿದವರು ಹೇಳಿದ ಸಂಖ್ಯೆಯ ಚೀಟಿ ತೆಗೆದು, ಅದರಲ್ಲಿದ್ದಂತೆ ಸರ್ವರ್ ಮಾಡಬೇಕು. ಈಗ ಗೆಳೆಯನೊಬ್ಬ ಗುಟ್ಟಾಗಿ ‘ಒಂಟಿ ಕಾಲಲ್ಲಿ ಕುಣಿ’ ಎಂಬ ಚೀಟಿಗೆ 9 ಎಂದು ಬರೆದು ಡಬ್ಬಿಗೆ ಹಾಕಲಿ. 9 ಎಂದು ಕೂಗಿದರೆ ಪಾಪ, ಸರ್ವರ್ ಕುಣಿಯಲೇಬೇಕು!

ಎರಡನೇ ಸಲ, 1ರಿಂದ 4ರವರೆಗಿನ ಸಂಖ್ಯೆ ಮಾತ್ರ ಸರಿ ಎಂದು ಸ್ಲೇಟಿನಲ್ಲಿ ಬರೆದು ಸರ್ವರ್ ಕೈಗೆ ಕೊಡಿ. ಈಗ 9 ಎಂದು ಕೂಗಿದರೆ ಏನಾಗುತ್ತದೆ? ಗೆಳೆಯನು ತನ್ನ ಚೀಟಿಗೆ 9ರ ಬದಲು 3 ಎಂದು ಬರೆದಿದ್ದರೆ? ಆಗ ಮೇಲಿನ ಯಾವ ನಿಯಮ ಕಾಪಾಡುತ್ತದೆ? ಯೋಚಿಸಿ, ನಿಮ್ಮ ಶಿಕ್ಷಕರೊಡನೆ ಚರ್ಚಿಸಿ.