ಖಿನ್ನತೆಯ ಮಾತ್ರೆಗೆ ಇಷ್ಟೇಕೆ ತಡ?

ಪ್ರಶ್ನೆ: ತಮ್ಮನಿಗೆ ಖಿನ್ನತೆಯೆಂದು ವೈದ್ಯರು ಮಾತ್ರೆ ಕೊಟ್ಟು ಹತ್ತು ದಿನವಾಯಿತು. ಏನೂ ಗುಣ ಕಾಣುತ್ತಿಲ್ಲ, ಏಕೆ?
— ಓದುಗರೊಬ್ಬರು, ಶಂಶಾಬಾದ್

ಉತ್ತರ: ಮಾತ್ರೆ ಮೊದಲ ದಿನವೇ ಕೆಲಸ ಶುರುಮಾಡಿರುತ್ತದೆ, ಮನಸ್ಸಿಗೆ ಅದು ತಿಳಿಯುವುದು ತಡ. ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಔಷಧಗಳು ನರಕೋಶಗಳ ನಡುವಿನ ಸೆರೊಟೋನಿನ್ ಎಂಬ ರಾಸಾಯನಿಕದ ಪ್ರಮಾಣವನ್ನು ಗಂಟೆಗಳಲ್ಲೇ ಬದಲಿಸುತ್ತವೆ. ಆದರೆ ಕೋಶಗಳು ಅದಕ್ಕೆ ಹೊಂದಿಕೊಂಡು ಲವಲವಿಕೆ ಮರಳಲು 2ರಿಂದ 6 ವಾರ ಹಿಡಿಯುತ್ತದೆ. (‘ಸೆರೊಟೋನಿನ್ ಕೊರತೆಯೇ ಖಿನ್ನತೆ’ ಎಂಬ ಸರಳ ವಿವರಣೆಯನ್ನು ತಜ್ಞರು ಈಗ ಒಪ್ಪುವುದಿಲ್ಲ.) ಹೊಟ್ಟೆ ತೊಳಸುವಂಥ ಅಡ್ಡಪರಿಣಾಮ ಮೊದಲು, ಗುಣ ಆಮೇಲೆ. ಬಹಳ ಜನ ಮಾತ್ರೆ ಬಿಡುವುದು ಈ ನಡುವಿನ ದಿನಗಳಲ್ಲೇ. ಇವು ಚಟ ಹತ್ತಿಸುವುದಿಲ್ಲ, ಆದರೆ ಥಟ್ಟನೆ ನಿಲ್ಲಿಸಬಾರದು. ಚೇತರಿಸಿಕೊಂಡ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸುವುದು ರೂಢಿ.

ಲಘು ಖಿನ್ನತೆಗೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ತೀವ್ರವಾದಾಗ ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆಯೂ ಉಂಟು. ಸಿನಿಮಾದವರು ತೋರಿಸುವ ಚಿತ್ರಹಿಂಸೆ ಅದಲ್ಲ.

ನಿಮ್ಮ ತಮ್ಮ ಚಿಕ್ಕ ವಯಸ್ಸಿನವರಾದರೆ ಮೊದಲ ವಾರಗಳಲ್ಲಿ ಕಣ್ಣಿಟ್ಟಿರಿ. ಚಡಪಡಿಕೆ ಹೆಚ್ಚಿದರೆ, ಸಾಯುವ ಮಾತಾಡಿದರೆ ಅಂದೇ ವೈದ್ಯರಿಗೆ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ (14416) 2022ರಿಂದ ಹಗಲಿರುಳು ಉಚಿತವಾಗಿದೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ನಿಮ್ಮೂರಿಗೆ ಹತ್ತಿರದ ಸರ್ಕಾರಿ ಮಾನಸಿಕ ಆಸ್ಪತ್ರೆ ಹೈದರಾಬಾದಿನ ಎರ್ರಗಡ್ಡದಲ್ಲಿದೆ.