ಗ್ರಾಮಸಭೆಯಲ್ಲಿ ಎಳೆಯರ ದನಿ

ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರನ ಕಥೆಯೊಂದುಂಟು. ಜನಕಮಹಾರಾಜನ ಯಜ್ಞಶಾಲೆಯ ಬಾಗಿಲಿಗೆ ಹನ್ನೆರಡು ವರ್ಷದ ಆ ಬಾಲಕನು ಬಂದು ನಿಂತಾಗ ದ್ವಾರಪಾಲಕನು ಅವನನ್ನು ತಡೆದು, ಇಲ್ಲಿ ವೃದ್ಧರಿಗೂ ವಿದ್ವಾಂಸರಿಗೂ ಮಾತ್ರವೇ ಪ್ರವೇಶವುಂಟೆಂದೂ ಬಾಲಕರಿಗಿಲ್ಲವೆಂದೂ ಹೇಳಿದನು. ತಲೆ ನರೆತ ಮಾತ್ರಕ್ಕೆ ಒಬ್ಬನು ಹಿರಿಯನಾಗುವುದಿಲ್ಲವೆಂದು ಅಷ್ಟಾವಕ್ರನು ವಾದಿಸಿ ಒಳಹೊಕ್ಕನು; ವಾದದಲ್ಲಿ ಸೋತವರನ್ನು ನೀರಿಗೆ ಹಾಕಿಸುತ್ತಿದ್ದ ಬಂದಿಯೆಂಬ ಪಂಡಿತನನ್ನು ಗೆದ್ದು, ಹಾಗೆ ಮುಳುಗಿಹೋಗಿದ್ದ ತನ್ನ ತಂದೆಯನ್ನು ಮರಳಿ ಪಡೆದನು. ಉಪಾಧ್ಯಾಯನಾಗಿದ್ದ ಕಾಲದಲ್ಲಿ ನಾನು ಈ ಕಥೆಯನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಕೇಳುವ ಮಕ್ಕಳೆಲ್ಲರೂ ಅಷ್ಟಾವಕ್ರನ ಪಕ್ಷದವರು. ಕಥೆ ಹೇಳುತ್ತಿದ್ದ ನಾನು ಮಾತ್ರ ದಿನವಹಿ ದ್ವಾರಪಾಲಕನ ಉದ್ಯೋಗವನ್ನೇ ನಡೆಸುತ್ತಿದ್ದೆನೆಂಬುದು ನಿವೃತ್ತನಾದ ಮೇಲೆ ನನ್ನ ಅರಿವಿಗೆ ಬಂದಿತು.

ಬಂದ ಬಗೆ ಹೀಗೆ. ಈಚೆಗೆ ನಮ್ಮ ಹೊಸಕೋಟೆ ತಾಲ್ಲೂಕಿನ ಒಂದು ಗ್ರಾಮಪಂಚಾಯತಿಯಲ್ಲಿ ನಡೆದ ಮಕ್ಕಳ ಗ್ರಾಮಸಭೆಗೆ ಹೋಗಿದ್ದೆನು. ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಮಾತನಾಡಿದ ಮಕ್ಕಳು ನಾಳೆಯೂ ಅದೇ ಬೀದಿಯಲ್ಲಿ ಓಡಾಡಬೇಕಾದವರು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿತ್ತು. ಹಿರಿಯರಿಗೆ ಕುರ್ಚಿಗಳು, ಮಕ್ಕಳಿಗೆ ಜಮಖಾನ. ಅಧ್ಯಕ್ಷಿಣಿಯವರು, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಆರೋಗ್ಯ ಇಲಾಖೆಯ ನರ್ಸಮ್ಮ, ಅಂಗನವಾಡಿಯ ಕಾರ್ಯಕರ್ತೆ, ಉಪಾಧ್ಯಾಯರು, ಎಲ್ಲರೂ ಬಂದಿದ್ದರು. ಪ್ರಾರ್ಥನೆ, ಸ್ವಾಗತ, ಹಾರಾರ್ಪಣೆ, ಭಾಷಣ ಇವುಗಳಲ್ಲಿಯೇ ಮುಕ್ಕಾಲು ಗಂಟೆ ಕಳೆಯಿತು. ಮಕ್ಕಳ ಸಭೆಯಲ್ಲಿ ಮಕ್ಕಳು ಆಕಳಿಸುತ್ತಿದ್ದರು.

ಆಮೇಲೆ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದಳು. ಕೈಯಲ್ಲಿ ಚೀಟಿಯಿತ್ತು, ಆದರೆ ಅವಳು ಅದನ್ನು ನೋಡಲಿಲ್ಲ. "ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಸಾರ್. ಅದಕ್ಕೇ ನಾವು ಹುಡ್ಗೀರು ಬೆಳಗ್ಗಿಂದ ನೀರೇ ಕುಡಿಯಲ್ಲ" ಎಂದಳು. ಸಭೆ ನಿಶ್ಶಬ್ದವಾಯಿತು. ಅಧ್ಯಕ್ಷಿಣಿಯವರು ತಲೆ ತಗ್ಗಿಸಿದುದನ್ನು ಕಂಡೆನು. ಆ ಶಾಲೆಗೆ ಅಧಿಕಾರಿಗಳು ಬಂದುಹೋಗಿದ್ದರು, ಶೌಚಾಲಯ ಉಂಟೆಂದು ಪಟ್ಟಿಯಲ್ಲಿ ಗುರುತು ಹಾಕಿಕೊಂಡೂ ಹೋಗಿದ್ದರು. ಚಿಲಕವಿಲ್ಲದುದು ಆ ಪಟ್ಟಿಗೆ ಹೇಗೆ ಹತ್ತೀತು? ಅದರ ಬೆಲೆಯೋ, ಅಂದು ವೇದಿಕೆಯ ಮೇಲೆ ಹಾಕಿದ ಹಾರಗಳ ಬೆಲೆಗಿಂತ ಹೆಚ್ಚಿರಲಾರದು.

ಅವಳ ಹಿಂದೆಯೇ ಒಬ್ಬ ಬಾಲಕನು ಲಾರಿಗಳ ಮಾತನ್ನೆತ್ತಿದನು. ನಮ್ಮ ಪ್ರಾಂತವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಹಳೆಯ ಮದರಾಸು ರಸ್ತೆಯ ಎರಡು ಕಡೆಗಳಲ್ಲಿಯೂ ಕಾರ್ಖಾನೆಗಳೂ ಉಗ್ರಾಣಗಳೂ ಎದ್ದುನಿಂತ ಮೇಲೆ, ಹಿಂದೆ ಹಿಪ್ಪುನೇರಳೆ ಸೊಪ್ಪಿನ ಗಾಡಿ ಹೋಗುತ್ತಿದ್ದ ಊರದಾರಿಗಳಲ್ಲಿ ಈಗ ಹತ್ತು ಚಕ್ರದ ಲಾರಿಗಳು ಹೋಗುತ್ತಿವೆ. ಅದೇ ದಾರಿಯಲ್ಲಿಯೇ ಮಕ್ಕಳು ಸೈಕಲ್ ತುಳಿಯುತ್ತಾರೆ. ಶಾಲೆ ಬಿಡುವ ವೇಳೆಗೆ ಅರ್ಧ ಗಂಟೆಯಾದರೂ ಲಾರಿಗಳನ್ನು ನಿಲ್ಲಿಸಬಾರದೇ ಎಂದು ಆ ಹುಡುಗನು ಕೇಳಿದನು. ಮೂರನೆಯವನು ಕಟ್ಟಡದ ಕೆಲಸಕ್ಕೆಂದು ದೂರದಿಂದ ಬಂದವರ ಮಗ. ಕನ್ನಡ ಇನ್ನೂ ತೊದಲು. "ನಮ್ಮ ಶೆಡ್ ಹತ್ರ ಐದು ಮಕ್ಕಳು ಸ್ಕೂಲಿಗೇ ಬರಲ್ಲ" ಎಂದು ಹೇಳಿ ಕುಳಿತನು. ತನಗಾಗಿ ಅವನು ಏನನ್ನೂ ಕೇಳಲಿಲ್ಲ.

ಈ ಸಭೆ ಹುಟ್ಟಿದ ರೀತಿಯನ್ನು ವಾಚಕರಲ್ಲಿ ಅನೇಕರು ಅರಿತಿರಲಾರರು. ನಾನೂ ಬಹುಕಾಲ ಅರಿತಿರಲಿಲ್ಲ. ಸರಕಾರಕ್ಕೆ ತಾನಾಗಿಯೇ ಹೊಳೆದ ವಿಚಾರ ಇದಲ್ಲ. 1990ರಲ್ಲಿ ಕರ್ನಾಟಕದಲ್ಲಿ ಭೀಮಸಂಘವೆಂಬ ಒಂದು ಸಂಘವು ಏರ್ಪಟ್ಟಿತು. ಹೋಟೆಲುಗಳಲ್ಲಿ, ಹೊಲಗಳಲ್ಲಿ, ಮನೆಗೆಲಸಗಳಲ್ಲಿ ದುಡಿಯುತ್ತಿದ್ದ ಮಕ್ಕಳೇ ಅದರ ಸದಸ್ಯರು. ಅವರಿಗೆ ಬೆಂಬಲವಾಗಿ ನಿಂತುದು ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆ. ತರುವಾಯ 1995ರಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿ ಮೊದಲಾದ ಗ್ರಾಮಗಳಲ್ಲಿ ಮಕ್ಕಳ ಪಂಚಾಯತಿಗಳು ತಲೆಯೆತ್ತಿದವು. ಆಗ ಆ ತಾಲ್ಲೂಕು ದಕ್ಷಿಣಕನ್ನಡಕ್ಕೆ ಸೇರಿದ್ದಿತು. 1997ರಿಂದ ಉಡುಪಿ ಜಿಲ್ಲೆಗೆ ಸೇರಿದೆ. ಮಕ್ಕಳೇ ಉಮೇದುವಾರರು, ಮಕ್ಕಳೇ ಮತದಾರರು; ಮತದಾನವು ರಹಸ್ಯವಾಗಿ ನಡೆಯತಕ್ಕದ್ದು. ಇದಲ್ಲದೆ ಊರಿನ ಹಿರಿಯರಲ್ಲಿ ತಮಗೆ ನಂಬುಗೆಯಾದ ಒಬ್ಬರನ್ನು ಮಕ್ಕಳೇ ಆರಿಸಿ 'ಮಕ್ಕಳ ಮಿತ್ರ'ರೆಂದು ಕರೆದರು. ಈ ಏರ್ಪಾಡು ನನಗೆ ಬಹಳವಾಗಿ ಹಿಡಿಸಿತು. ಯಾವ ಹಿರಿಯನು ತಮ್ಮ ಮಾತನ್ನು ಕೇಳುವನೆಂಬುದನ್ನು ಮಕ್ಕಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮಲೆನಾಡಿನ ಅಂಚಿನ ಆ ಸೀಮೆಯಲ್ಲಿ ಹೆಜ್ಜೆಗೊಂದು ಹಳ್ಳ. ಹಳ್ಳದ ಮೇಲೆ ಮರದ ದಿಮ್ಮಿಯನ್ನು ಅಡ್ಡಹಾಕಿ ದಾಟುವುದು ವಾಡಿಕೆ. ಇದಕ್ಕೆ ಅಲ್ಲಿಯವರು ಕಾಲುಸಂಕವೆನ್ನುತ್ತಾರೆ. ಮಳೆಗಾಲದಲ್ಲಿ ದಿಮ್ಮಿ ಪಾಚಿಗಟ್ಟಿ ಜಾರುತ್ತದೆ, ಕೆಳಗೆ ನೀರು ಭೋರ್ಗರೆಯುತ್ತದೆ. ಪುಸ್ತಕದ ಚೀಲ ಹೊತ್ತ ಮಗುವಿಗೆ ಅದು ಪ್ರಾಣಸಂಕಟದ ದಾರಿ. ದೊಡ್ಡವರು ಹುಟ್ಟಿದಾಗಿನಿಂದ ದಾಟುತ್ತ ಬಂದವರಾದುದರಿಂದ ಅದು ಅವರ ಕಣ್ಣಿಗೆ ಒಂದು ಕೊರತೆಯಾಗಿ ಕಾಣಲೇ ಇಲ್ಲ. ಪಂಚಾಯತಿಯ ಮುಂದೆ ಕಾಲುಸಂಕದ ಮಾತನ್ನಿಟ್ಟು ಭದ್ರವಾದ ಸೇತುವೆ ಬೇಕೆಂದವರು ಮಕ್ಕಳು. ಬಾಲ್ಯವಿವಾಹ, ಓದು ಬಿಟ್ಟು ಕೂಲಿಗೆ ಹೋಗುವುದು ಮೊದಲಾದುವನ್ನೂ ಅವರು ಚರ್ಚೆಗೆ ಎತ್ತಿಕೊಂಡರು. ಈ ಅನುಭವವು ಬೆಳೆದು, 2006ರಲ್ಲಿ ರಾಜ್ಯದ ಎಲ್ಲ ಗ್ರಾಮಪಂಚಾಯತಿಗಳೂ ಮಕ್ಕಳ ಗ್ರಾಮಸಭೆಯನ್ನು ನಡೆಸತಕ್ಕದ್ದೆಂದು ಸರಕಾರದ ಆಜ್ಞೆಯಾಯಿತು. ಅಂದರೆ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ತೊಡಗಿದ ಕಾರ್ಯವು ಹದಿನಾರು ವರ್ಷಗಳಲ್ಲಿ ಹೊಸಕೋಟೆಯವರೆಗೂ ಬಂದಂತಾಯಿತು.

ಇದು ನಮ್ಮ ದೇಶದ ಮಾತು ಮಾತ್ರವಲ್ಲ. 1989ನೆಯ ನವೆಂಬರ್ 20ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ, ಭಾರತವು 1992ನೆಯ ಡಿಸೆಂಬರ್ 11ರಂದು ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ಹನ್ನೆರಡನೆಯ ವಿಧಿಯು ಇದೇ ವಿಷಯವನ್ನು ಕುರಿತದ್ದು. ತನಗೆ ಸಂಬಂಧಪಟ್ಟ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಮಗುವಿಗುಂಟೆಂದೂ, ವಯಸ್ಸಿಗೂ ಪರಿಪಕ್ವತೆಗೂ ತಕ್ಕಷ್ಟು ಬೆಲೆಯನ್ನು ಆ ಅಭಿಪ್ರಾಯಕ್ಕೆ ಕೊಡಬೇಕೆಂದೂ ಅದರ ತಾತ್ಪರ್ಯ. ಮಕ್ಕಳಿಗೆ ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂತಾರೆಂದು ಅಂಜುವ ಗೃಹಸ್ಥರು ಈ 'ತಕ್ಕಷ್ಟು' ಎಂಬ ಮಾತನ್ನು ಗಮನಿಸಬೇಕು. ಮಗು ಹೇಳಿದುದನ್ನೆಲ್ಲ ನಡೆಸಬೇಕೆಂದು ಯಾರೂ ಹೇಳಿಲ್ಲ. ಕೇಳದೆ ತೀರ್ಮಾನಿಸಬಾರದೆಂದಷ್ಟೇ ಹೇಳಿರುವುದು.

ಅಧಿಕಾರವಿಲ್ಲದ ಬರಿಯ ಮಾತಿನಿಂದೇನು ಪ್ರಯೋಜನವೆಂದು ನನ್ನ ಮಿತ್ರರೊಬ್ಬರು ಕೇಳಿದರು. ಅವರಿಗೆ ನಾನು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ನೆನಪಿಗೆ ತಂದುಕೊಟ್ಟೆನು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಅದನ್ನು ಆರಂಭಿಸಿದಾಗ ಅದಕ್ಕೆ ಶಾಸನ ಮಾಡುವ ಅಧಿಕಾರವೇನೂ ಇರಲಿಲ್ಲ. ಬಂದವರು ತಮ್ಮ ಸೀಮೆಯ ಕೆರೆಕಾಲುವೆಗಳ, ಕಂದಾಯದ ಅಹವಾಲುಗಳನ್ನು ಹೇಳಿಕೊಳ್ಳುವರು, ಸರಕಾರದವರು ಕೇಳುವರು, ಅಷ್ಟೆ. ಅದಕ್ಕೆ ಕಾನೂನಿನ ಆಧಾರ ದೊರೆತುದು 1923ರಲ್ಲಿ. ಮಾತಿಗೆ ಮೊದಲು ಒಂದು ಸ್ಥಾನ ದೊರೆಯಬೇಕು. ಬಲವು ಆಮೇಲೆ ಬರುತ್ತದೆ. ಮಿತ್ರರು ಒಪ್ಪಲಿಲ್ಲ. ನಲವತ್ತೆರಡು ವರ್ಷ ಕಾಯುವಷ್ಟರಲ್ಲಿ ಮಕ್ಕಳು ಮುದುಕರಾಗುತ್ತಾರೆಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಇನ್ನು, ನಾನು ಬರೆಯಲು ಹಿಂಜರಿದ ವಿಷಯವೊಂದುಂಟು. 1994ರಲ್ಲಿ, ನಾನಿನ್ನೂ ಎಳೆಯ ಉಪಾಧ್ಯಾಯನಾಗಿದ್ದಾಗ, ಒಂಬತ್ತನೆಯ ತರಗತಿಯಲ್ಲಿ ಒಬ್ಬ ಬಾಲಿಕೆಯಿದ್ದಳು. ಸಂಸ್ಕೃತದ ಶಬ್ದರೂಪಗಳನ್ನು ಒಂದೂ ತಪ್ಪದೆ ಒಪ್ಪಿಸುವಳು. ಒಂದು ಸಾಯಂಕಾಲ ಎಲ್ಲರೂ ಹೋದ ಮೇಲೆ ನನ್ನ ಮೇಜಿನ ಬಳಿ ನಿಂತು, "ಸಾರ್, ಮನೇಲಿ ಮದುವೆ ಮಾತಾಡ್ತಿದಾರೆ. ನಮ್ಮಪ್ಪಂಗೆ ನೀವೊಂದು ಮಾತು ಹೇಳಿ" ಎಂದಳು. "ಹಿರಿಯರು ಯೋಚನೆ ಮಾಡದೆ ಏನೂ ಮಾಡೋದಿಲ್ಲಮ್ಮ. ನೀನು ಪಾಠದ ಕಡೆ ನೋಡು" ಎಂದು ಹೇಳಿ ಕಳುಹಿಸಿದೆನು. ಅವಳ ತಂದೆಯು ಊರಿನಲ್ಲಿ ಗೌರವಸ್ಥರು, ನನಗೂ ಪರಿಚಿತರು. ನೋಡೋಣವೆಂದುಕೊಂಡೆನು. ದಸರೆಯ ರಜೆ ಮುಗಿದು ಶಾಲೆ ತೆರೆದಾಗ ಅವಳ ಸ್ಥಳ ಬರಿದಾಗಿತ್ತು. ಕೆಲವು ವಾರ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಗುರುತಿಸಿ, ಆಮೇಲೆ ಕೆಂಪು ಶಾಯಿಯಿಂದ ಹೆಸರನ್ನು ಹೊಡೆದುಹಾಕಿದವನೂ ನಾನೇ.

ಕಾನೂನು ಆಗಲೂ ಇತ್ತು. ಬಾಲ್ಯವಿವಾಹವನ್ನು ತಡೆಯುವ ಶಾಸನವು 1929ರದು. ಹೆಣ್ಣಿನ ವಿವಾಹವಯಸ್ಸನ್ನು 1978ರಲ್ಲಿಯೇ 18ಕ್ಕೆ ಏರಿಸಿದ್ದಿತು. ನನಗೆ ಅದು ತಿಳಿದಿತ್ತು. ಆದುದರಿಂದ ಅಜ್ಞಾನವೆಂಬ ನೆಪವನ್ನು ನಾನು ಹೇಳಲಾರೆನು. ಆ ಮಗು ಸುಳ್ಳು ಹೇಳುತ್ತಿರುವಳೆಂದೂ ನಾನೆಣಿಸಲಿಲ್ಲ. ಮಕ್ಕಳ ಮಾತಿನ ಮೇಲೆ ದೊಡ್ಡವರ ಮನೆಯ ಬಾಗಿಲು ತಟ್ಟುವುದು ಉಚಿತವಲ್ಲವೆಂಬ ಒಂದು ಸಂಕೋಚ, ಅಷ್ಟೆ. ಈಗ 2006ರ ಹೊಸ ಶಾಸನವುಂಟು. ನಮ್ಮ ರಾಜ್ಯದ 2016ರ ತಿದ್ದುಪಡಿಯಂತೆ ಅಂಥ ವಿವಾಹವು ವಿವಾಹವೇ ಅಲ್ಲ. 1098 ಎಂಬ ದೂರವಾಣಿ ಸಂಖ್ಯೆಗೆ ಮಗುವೇ ಕರೆ ಮಾಡಬಹುದು. ಆದರೂ ಮಕ್ಕಳು ಮೊದಲು ಬರುವುದು ಮನೆಯವರಲ್ಲಿಗೆ, ಮೇಷ್ಟರಲ್ಲಿಗೆ. ಅಲ್ಲಿ ಬಾಗಿಲು ಮುಚ್ಚಿದ್ದರೆ ದೂರವಾಣಿಯವರೆಗೆ ಕೈ ನೀಡುವ ಧೈರ್ಯ ಎಷ್ಟು ಮಕ್ಕಳಿಗಿದ್ದೀತು?

ಮಕ್ಕಳ ಗ್ರಾಮಸಭೆಯಲ್ಲಿ ದೋಷಗಳಿಲ್ಲವೆಂದಲ್ಲ. ಅನೇಕ ಕಡೆ ಅದು ಉತ್ಸವವಾಗಿ ಹೋಗಿದೆ. ಉಪಾಧ್ಯಾಯರೇ ಪ್ರಶ್ನೆಗಳನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸುವುದುಂಟು. ಸೇವೆಯಲ್ಲಿದ್ದಾಗ ನಾನೂ ಹಾಗೆ ಬರೆದುಕೊಟ್ಟವನೇ. ಶಾಲೆಗೆ ಕಾಂಪೌಂಡು ಬೇಕು, ಆಟದ ಬಯಲು ಬೇಕು ಎಂದು ಮಕ್ಕಳ ಬಾಯಿಂದ ಹೊರಟುದು ನಮ್ಮ ಅರ್ಜಿಯೇ ಹೊರತು ಅವರದಲ್ಲ. ಚಿಲಕದ ಮಾತನ್ನು ನಾನೆಂದೂ ಬರೆದುಕೊಟ್ಟಿರಲಿಲ್ಲ. ಬರೆಯಲು ನನಗೆ ತಿಳಿದಿರಲೂ ಇಲ್ಲ. ಇದಕ್ಕಿಂತ ದೊಡ್ಡ ದೋಷವೆಂದರೆ ಉತ್ತರವಿಲ್ಲದಿರುವುದು. ಹಿಂದಿನ ವರ್ಷ ಮಕ್ಕಳು ಕೇಳಿದುದರಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ, ಏಕೆ ನಡೆಯಲಿಲ್ಲ ಎಂಬುದನ್ನು ಮುಂದಿನ ಸಭೆಯ ಆರಂಭದಲ್ಲಿಯೇ ಓದಿ ಹೇಳಬೇಕು. ಆಗುವುದಿಲ್ಲವೆಂದು ಕಾರಣಸಹಿತವಾಗಿ ಹೇಳಿದರೆ ಮಗು ಒಪ್ಪುತ್ತದೆ. ಆಗಲೆಂದು ಹೇಳಿ ಮರೆತುಬಿಟ್ಟರೆ ಅದು ಎರಡನೆಯ ಸಲ ಕೈಯೆತ್ತುವುದಿಲ್ಲ.

ಹದಿನೆಂಟು ದಾಟಿದವರ ಸ್ಥಿತಿ ಬೇರೆ. 1989ರಿಂದ ಅವರಿಗೆ ಮತವುಂಟು. ಅದಕ್ಕೆ ಮುಂಚೆ 21 ತುಂಬಬೇಕಾಗಿತ್ತು. ಆದರೆ ಗ್ರಾಮಪಂಚಾಯತಿಗೆ ಸ್ಪರ್ಧಿಸಲು ಇಂದಿಗೂ 21 ಆಗಬೇಕು. ತರುಣರಿಗಾಗಿ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯೂ 1972ರಲ್ಲಿ ನೆಹರು ಯುವಕೇಂದ್ರಗಳೂ ಹುಟ್ಟಿದವು. ಇವು ತರುಣರ ಕೈಗೆ ಸಲಿಕೆ ಗುದ್ದಲಿಗಳನ್ನು ಕೊಟ್ಟುವು, ಶ್ರಮದಾನ ಮಾಡಿಸಿದುವು, ಒಳ್ಳೆಯದೇ. ಎಲ್ಲಿ ಅಗೆಯಬೇಕೆಂಬುದನ್ನು ಅವರನ್ನು ಕೇಳಿದುದು ಅಪರೂಪ.

ಚಿಲಕದ ವಿಚಾರ ಹೇಳುವುದು ಉಳಿಯಿತು. ಸಭೆಯಾದ ನಾಲ್ಕನೆಯ ದಿನವೇ ಬಡಗಿಯು ಬಂದು ಹಾಕಿಹೋದನಂತೆ. ಅಧ್ಯಕ್ಷಿಣಿಯವರು ತಾವೇ ನಿಂತು ಹಾಕಿಸಿದರೆಂದು ಕೇಳಿದೆನು. ಶೆಡ್ಡಿನ ಐವರು ಮಕ್ಕಳಲ್ಲಿ ಮೂವರು ಶಾಲೆಗೆ ಸೇರಿದ್ದಾರೆ. ಇಬ್ಬರ ಮನೆಯವರು ಕೆಲಸ ಮುಗಿದುದರಿಂದ ಬೇರೆಲ್ಲಿಗೋ ಹೋದರು. ಲಾರಿಗಳು ಮಾತ್ರ ಹಾಗೆಯೇ ಓಡುತ್ತಿವೆ. ಅರ್ಜಿಯು ಪಂಚಾಯತಿಯಿಂದ ತಾಲ್ಲೂಕಿಗೆ ಹೋಗಿದೆಯೆಂದು ತಿಳಿದುಬಂತು. ಹೋದ ವಾರ ಸಂತೆಯ ದಾರಿಯಲ್ಲಿ ಆ ಹುಡುಗನು ಸಿಕ್ಕಿದ್ದನು. ಸೈಕಲಿನಿಂದ ಇಳಿದು ನಮಸ್ಕರಿಸಿ, "ಸಾರ್, ಈ ಸಲ ಸಭೇಲಿ ಲಾರಿ ವಿಷಯ ಏನಾಯ್ತೂಂತ ಓದ್ತಾರಾ?" ಎಂದು ಕೇಳಿದನು. ಓದಬೇಕಪ್ಪ, ಓದದಿದ್ದರೆ ನೀನೇ ಎದ್ದು ಕೇಳು, ನಾನೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿರುತ್ತೇನೆ ಎಂದೆನು.