ಸುಣ್ಣ: ಗೋಡೆಗೆ ಚೆಂದ, ಕಣ್ಣಿಗೆ ಕುತ್ತು

"ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ" ಅಂತ ಹಿರಿಯರು ಸುಮ್ಮನೆ ಗಾದೆ ಕಟ್ಟಲಿಲ್ಲ. ಹೋದ ದೀಪಾವಳಿಯಲ್ಲಿ ನಮ್ಮ ಪಕ್ಕದ ಮನೆಯ ಪುಟ್ಟ, ಅಜ್ಜಿಯ ಎಲೆಯಡಿಕೆ ತಟ್ಟೆಯಿಂದ ಸುಣ್ಣದ ಪ್ಯಾಕೆಟ್ ಎತ್ತಿಕೊಂಡು ಹಿಸುಕಿದ. ಪ್ಯಾಕೆಟ್ ಒಡೆದು ಸುಣ್ಣ ಕಣ್ಣಿಗೇ ಚಿಮ್ಮಿತು! ತಾಯಿ ತಕ್ಷಣ ನಲ್ಲಿಯ ಕೆಳಗೆ ಹಿಡಿದು ತೊಳೆದದ್ದರಿಂದ ಮಗುವಿನ ಕಣ್ಣು ಉಳಿಯಿತು.

ಅಷ್ಟು ಖಾರವೇ ಈ ಸುಣ್ಣ? ಹೌದು. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಟ್ಟರೆ ಸುಟ್ಟ ಸುಣ್ಣ. ಅದಕ್ಕೆ ನೀರು ಬಿದ್ದರೆ ಕೊತಕೊತ ಕುದಿದು ಅರಳುತ್ತದೆ. ಈ ಅರಳಿದ ಸುಣ್ಣವೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಬಲವಾದ ಕ್ಷಾರ. ಗೋಡೆಗೆ ಬಳಿದಾಗ ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಅದಕ್ಕೇ ಆ ಬಿಳುಪು, ಆ ಗಟ್ಟಿತನ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಆರತಿಯ ಕೆಂಪು ಬರುವುದೂ ಈ ಕ್ಷಾರಗುಣದಿಂದಲೇ.

ಅಡುಗೆಯಲ್ಲೂ ಇದಕ್ಕೆ ಜಾಗವಿದೆ. ಬೂದುಗುಂಬಳದ ಪೇಠಾ ಮಾಡುವವರು ಹೋಳುಗಳನ್ನು ತಿನ್ನುವ ಸುಣ್ಣದ ತಿಳಿನೀರಿನಲ್ಲಿ ನೆನೆಹಾಕುತ್ತಾರೆ. ಸುಣ್ಣದ ಕ್ಯಾಲ್ಸಿಯಂ ಹೋಳನ್ನು ಬಿಗಿಮಾಡುವುದರಿಂದ ಪಾಕದಲ್ಲಿ ಕರಗುವುದಿಲ್ಲ. ಆಮೇಲೆ ನಾಲ್ಕೈದು ನೀರಿನಲ್ಲಿ ಚೆನ್ನಾಗಿ ತೊಳೆಯಲೇಬೇಕು. ಗೋಡೆಯ ಸುಣ್ಣ ಅಡುಗೆಗೆ ಖಂಡಿತ ಬೇಡ. ಅಲ್ಯೂಮಿನಿಯಂ ಪಾತ್ರೆಯೂ ಬೇಡ, ಸುಣ್ಣ ಅದನ್ನು ತಿಂದುಹಾಕುತ್ತದೆ.

ಇನ್ನು ತಾಂಬೂಲ. ಹೊಗೆಸೊಪ್ಪು ಇಲ್ಲದ ಎಲೆಯಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಪ್ರಕಟಿಸಿದೆ. ಊಟವಾದ ಮೇಲೆ ದಿನಾ ಮೆಲ್ಲುವ ರೂಢಿ ಬಿಡುವುದೇ ಮೇಲು.

ನೆನಪಿಡಿ:

• ಸುಣ್ಣದ ಡಬ್ಬಿ, ಪ್ಯಾಕೆಟ್ ಮಕ್ಕಳ ಕೈಗೆ ಎಟುಕದಿರಲಿ.

• ಸುಟ್ಟ ಸುಣ್ಣದ ಮೇಲೆ ನೀರು ಸುರಿಯಬೇಡಿ. ಅಗಲವಾದ ಪಾತ್ರೆಯ ನೀರಿಗೆ ಸ್ವಲ್ಪ ಸ್ವಲ್ಪವೇ ಸುಣ್ಣ ಹಾಕಿ, ಮುಖ ದೂರವಿರಲಿ.

• ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ರೆಪ್ಪೆ ಬಿಡಿಸಿ, ಹರಿಯುವ ಶುದ್ಧ ನೀರಿನಲ್ಲಿ ಅರ್ಧ ಗಂಟೆ ತೊಳೆಯಿರಿ. ಅಂಟಿದ ಚೂರನ್ನು ಒದ್ದೆ ಬಟ್ಟೆಯ ತುದಿಯಿಂದ ಮೆಲ್ಲಗೆ ತೆಗೆಯಿರಿ. ನಂತರ ನೇರ ಕಣ್ಣಿನ ಡಾಕ್ಟರ ಬಳಿಗೆ. ನೋವು ಕಡಿಮೆಯಾಯಿತೆಂದು ಸುಮ್ಮನಿರಬೇಡಿ.

ನಿಂಬೆರಸ, ಎದೆಹಾಲು, ಎಣ್ಣೆ ಯಾವುದೂ ಬೇಡ. ಗಾದೆಯಲ್ಲಿದೆ ಅಂತ ಬೆಣ್ಣೆಯನ್ನೂ ಹಚ್ಚಬೇಡಿ! ಸುಣ್ಣ ಬಿದ್ದ ಕಣ್ಣಿಗೆ ಮೊದಲ ಮದ್ದು ತಣ್ಣೀರೇ.